ಗುದ್ಲೆಪ್ಪ ಹಿಂದಕ್ಕ ಸರಿಸಿದ ನಲವತ್ತೊಂದು ನಿಮಿಷ

ಅಕ್ಕಿಆಲೂರಿನ ಗುದ್ಲೆಪ್ಪ ಕ್ಯಾಮೆರಾ ಹಿಡದು ನಿಂತ ಅಂದ್ರ, ಹಂದರದಾಗ ಅಳೂ ಕೂಸು ಸೈತ ಬಾಯಿ ಮುಚ್ಚಿ ಕೂದಲಾ ಸರಿ ಮಾಡಿಕೊಂತಿತ್ತು. ಅವನ ಫ್ಲಾಶಿನ ಬೆಳಕಂತೂ ಏನ್ ಕೇಳತೀರಿ! ಒಮ್ಮೆ ಹಿರೇಕೆರೂರಾಗ ಮದಿಮಗನ ಮೆರವಣಿಗಿ ಹೊಂಟಾಗ ಇಂವ ಫ್ಲಾಶ್ ಹೊಡದ. ಮದಿಮಗ ಕುಂತಿದ್ದ ಕುದರಿ ಬೆದರಿ ಓಡಿತು. ಓಡಿ ಓಡಿ ಎರಡು ಓಣಿ ದಾಟಿ ಬ್ಯಾರೇದವ್ರ ಲಗ್ನದ ಹಂದರದ ಮುಂದ ಹೋಗಿ ನಿಂತತು. ಅಲ್ಲಿ ಹೆಣ್ಣಿನ ಕಡೆಯವ್ರು, ಮದಿಮಗ ಬಂದ, ಮದಿಮಗ ಬಂದ ಅಂತ ಆರತಿ ಎತ್ತಿ, ಕಾಲಿಗೆ ನೀರು ಹಾಕಿ, ಬೆಲ್ಲದ ಪಾನಕ ಕುಡಿಸಿಬಿಟ್ರಂತ. ಹೊಳ್ಳಿ ಕರಕೊಂಡು ಬರೂದ್ರಾಗ ಮದಿಮಗಗ ಅಲ್ಲಿನ ಅಡಿಗಿ ರುಚಿ ಹತ್ತಿಬಿಟ್ಟಿತ್ತಂತ. ಖರೇನೋ ಸುಳ್ಳೋ, ಆ ಕುದರೀನ ಕೇಳಬೇಕು.

ಆದ್ರ ಈಗ ಹೇಳೂ ಮಾತಿಗೆ ಕುದರಿ ಸಾಕ್ಷಿ ಬೇಕಾಗಿಲ್ಲ. ಇದಕ್ಕ ಗುದ್ಲೆಪ್ಪನ ಹೆಬ್ಬಟ್ಟ ಸಾಕ್ಷಿ.

ಗುದ್ಲೆಪ್ಪನ ಅಪ್ಪ ಅಕ್ಕಿ ಮಿಲ್ಲಿನ್ಯಾಗ ಚೀಲ ಹೊರತಿದ್ದ. ಮಗಾನೂ ಹೊರಾಂವನ ಇದ್ದ. ಆದ್ರ ಹದಿನಾರು ತುಂಬೂದ್ರಾಗ ಹಾನಗಲ್ಲಿನ ಒಂದು ಸ್ಟುಡಿಯೋದಾಗ ಕಸಾ ಹೊಡ್ಯಾಕ ಸೇರಿ, ಕಸಬರಗಿ ಹಿಡಿದ ಕೈಯಾಗ ಕ್ಯಾಮೆರಾ ಹಿಡಿಯೂದು ಕಲತ. ಆಮ್ಯಾಲೆ ಊರಿಗೆ ಬಂದು, ಬಸ್ ಸ್ಟ್ಯಾಂಡ್ ಹತ್ರ, ಮಿಲ್ಲಿನ ಬಾಜೂಕ ಸ್ವಂತ ಅಂಗಡಿ ಹಾಕಿದ. ಗಾಳಿ ಬೀಸಿದ್ರ ಮಿಲ್ಲಿನ ತೌಡಿನ ಧೂಳೆಲ್ಲಾ ಅವನ ಅಂಗಡ್ಯಾಗ. ಅದಕ್ಕ ಅವನ ಹಳೇ ಫೋಟೋದಾಗ ಎಲ್ಲಾರೂ ಥೋಡೆ ಬೆಳ್ಳಗ ಕಾಣತಿದ್ರು, ಗಿರಾಕಿ ಖುಷಿ ಆಗತಿದ್ರು.

ಇಪ್ಪತ್ತು ವರ್ಷದ ಹಿಂದ ಹುಬ್ಬಳ್ಳಿಗೆ ಹೋಗಿ ಮೊದಲನೇ ಡಿಜಿಟಲ್ ಕ್ಯಾಮೆರಾ ತಂದ. ಫೋಟೋದ ಮೂಲಿಗೆ ತಾರೀಖು, ಟೈಮು ತಾನ ಮೂಡತಿತ್ತು. ಮಂದಿಗೆ ಅದ ದೊಡ್ಡ ಚೋದ್ಯ. ಆ ವರ್ಷನ ಒಂದು ಲಗ್ನ ಆತು. ಬುಧವಾರ. ಪತ್ರಿಕ್ಯಾಗ ಮುಹೂರ್ತ ಹನ್ನೊಂದೂವರಿ. ಆದ್ರ ಲಗ್ನ ಅಂದ ಮ್ಯಾಲೆ ತಡಾ ಆಗೂದ. ತಾಳಿ ಬಿದ್ದಾಗ ಹನ್ನೆರಡೂ ಐದು. ಬುಧವಾರ ಹನ್ನೆರಡು ಹೊಡದ್ರ ರಾಹುಕಾಲ. ಆಲ್ಬಮ್ ನೋಡಿದ ಕೂಡ್ಲೆ ಹೆಣ್ಣಿನ ಅಜ್ಜ ಉಳಿವೆಪ್ಪ ಅಂಗಡೀಗೆ ಬಂದು, ಫೋಟೋದ ಮೂಲಿ ಮ್ಯಾಲೆ ಬಟ್ಟಿಟ್ಟು ಗುಡುಗಿದ: "ಏನೋ ಇದು? ನನ್ನ ಮೊಮ್ಮಗಳ ಕೊಳ್ಳಿಗೆ ರಾಹು ಕಟ್ಟಿಸಿ ಮ್ಯಾಲೆ ಸಹಿ ಬ್ಯಾರೆ ಹಾಕೀ ಏನು?"

"ಅಜ್ಜಾ, ತಾಳಿ ಕಟ್ಟಿದಾವ ನಾ ಅಲ್ಲರಿ, ನಾ ಬರೇ ಒತ್ತಿದಾವ," ಅಂದ ಗುದ್ಲೆಪ್ಪ.

"ಒತ್ತೂ ಮುಂದ ಕಣ್ಣ ಇರಲಿಲ್ಲೇನು?" ಅಂದು ಅಜ್ಜ ಆಲ್ಬಮ್ಮನ್ನ ಅಲ್ಲೇ ಒಗದು ಹೋದ.

ಅವತ್ತ ಗುದ್ಲೆಪ್ಪ ಒಂದು ನಿರ್ಧಾರ ಮಾಡಿದ. ಆವತ್ತಿಂದ ಯಾವ ಲಗ್ನಕ್ಕ ಹೋದ್ರೂ ಮೊದಲ ಲಗ್ನಪತ್ರಿಕೀದ ಒಂದು ಫೋಟೋ ತಗಿಯೂದು, ದೇವ್ರಿಗೆ ಕೈ ಮುಗದಂಗ. ಆಮ್ಯಾಲೆ ಕಡೀ ಮಂಗಳಾಷ್ಟಕ ಮುಗಿಯೂ ಹೊತ್ತಿಗೆ ಕಂಬದ ಮರೀಗೆ ಸರಿದು, ಕ್ಯಾಮೆರಾದ ಗಡಿಯಾರವನ್ನ ಪತ್ರಿಕ್ಯಾಗ ಬರದ ಮುಹೂರ್ತಕ್ಕ ಹೊಳ್ಳಿಸಿ ಇಡೂದು. ತಾಳಿ ಬೀಳತಿದ್ದಂಗ ಕ್ಲಿಕ್. ಲಗ್ನ ಮುಗಿಸಿ ಮನಿಗೆ ಬಂದ ಮ್ಯಾಲೆ ಗಡಿಯಾರ ಮತ್ತ ಸರಿ ಮಾಡಿ ಇಡೂದು. ಆಲ್ಬಮ್ಮಿನ್ಯಾಗ ತಾಳಿ ಫೋಟೋ ಒಂದಕ್ಕ ಮಾತ್ರ ಕೆಳಗ ಟೈಮ್ ಹಾಕಿ, ದೊಡ್ಡದು ಮಾಡಿ, ಅದಕ್ಕ "ಮುಹೂರ್ತದ ಹಾಳಿ" ಅಂತ ಹೆಸರಿಟ್ಟ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಕೂ ತಾಲ್ಲೂಕಿನ್ಯಾಗ ಮಂದಿ ಆ ಹಾಳೀನ ಕಟ್ಟ ಹಾಕಿಸಿ ಗ್ವಾಡಿಗೆ ತೂಗಹಾಕಿದ್ರು. ಗುದ್ಲೆಪ್ಪ ಬಂದ ಅಂದ್ರ ತಾಳಿ ಒಂದು ನಿಮಿಷ ಆಚೀಚಿ ಆಗೂದಿಲ್ಲ ಅಂತ ಹೆಸರಾತು. ಲಗ್ನ ಮಾಡಸೂ ಸ್ವಾಮಿಗಳಂತೂ ಇವನ್ನ ಕಂಡ್ರ ಬಿಡತಿದ್ದಿಲ್ಲ. ಎಷ್ಟ ತಡಾ ಮಾಡಿದ್ರೂ ಅವ್ರ ಮರ್ಯಾದಿ ಉಳೀತಿತ್ತಲ್ಲ! ಹಿಂಗಾಗಿ ಇಂವ "ಮುಹೂರ್ತದ ಗುದ್ಲೆಪ್ಪ" ಆದ.

ಯಾರಿಗೂ ಕೆಟ್ಟದ್ದು ಮಾಡಿಲ್ಲ, ಮನಸ್ಸಿಗೆ ಸಮಾಧಾನ ಕೊಟ್ಟೇನಿ ಅಂತ ಅಂವ ತಿಳಕೊಂಡಿದ್ದ. ಹಂಗ ತಿಳಕೊಂಡು ಇಪ್ಪತ್ತು ವರ್ಷ ಸುಖವಾಗಿ ನಿದ್ದಿ ಮಾಡಿದ.

ಈ ವರ್ಷ ಅವನ ಕಂಪ್ಯೂಟರಿನ ಹಳೇ ಡಿಸ್ಕು ಕೈ ಕೊಟ್ಟಿತು. ರಿಪೇರಿ ಮಾಡಾವ್ರು ಹ್ಯಾಂಗೋ ಫೋಟೋ ಎಲ್ಲಾ ಉಳಿಸಿ ಹೊಸಾ ಡಿಸ್ಕಿಗೆ ಹಾಕಿ ಕೊಟ್ರು. ಆದ್ರ ಯಾವ ಫೈಲ್ ನೋಡಿದ್ರೂ ಹೋದ ತಿಂಗಳದ ತಾರೀಖು! ಇಪ್ಪತ್ತು ವರ್ಷದ ಮದಿಮಕ್ಕಳೆಲ್ಲಾ ಒಂದ ಹಂದರದಾಗ, ಒಂದ ದಿನಾ ಲಗ್ನ ಆದಂಗ ಕಾಣಾಕತ್ತಿತು. ಗುದ್ಲೆಪ್ಪ ತಲಿ ಮ್ಯಾಲೆ ಕೈ ಹೊತ್ತು ಕುಂತ.

ಅವನ ಮಗಳು ವಿದ್ಯಾಶ್ರೀ ಹಾನಗಲ್ಲಾಗ ಕಂಪ್ಯೂಟರ್ ಕ್ಲಾಸ್ ನಡಸತಾಳ. ಅಕಿ ನಕ್ಕು, "ಅಪ್ಪಾ, ಇದು ನಿನ್ನ ಮಿಲ್ಲಿನ ಚೀಲ ಇದ್ದಂಗ ನೋಡು," ಅಂದ್ಲು. "ಚೀಲದ ಮ್ಯಾಲೆ ಸೀಮಿಸುಣ್ಣದಾಗ ತಾರೀಖು ಬರದಿರತಾರ. ಗೋದಾಮು ಬದಲಾದ್ರ ಅದನ್ನ ಅಳಿಸಿ ಹೊಸಾದು ಬರೀತಾರ. ಹೊರಗಿನ ಬರಹ ಬದಲಾಕ್ಕೈತಿ, ಒಳಗಿನ ಅಕ್ಕಿ ಬದಲಾಕ್ಕೈತೇನು? ಹಂಗ, ಡಿಸ್ಕು ಬದಲಾದಾಗ ಫೈಲಿನ ಮೈಮ್ಯಾಲಿನ ತಾರೀಖು ಹೋಗೇತಿ. ಆದ್ರ ಫೋಟೋ ತಗದಾಗ ಕ್ಯಾಮೆರಾ ತನ್ನ ಗಡಿಯಾರ ನೋಡಿ ಒಳಗೂ ಒಂದು ಟೈಮ್ ಬರದಿರತೈತಿ. ಅದು ಹಂಗ ಐತಿ. ಅದನ್ನ ಓದೂದಕ್ಕ ನಾ ಪೈಥಾನಿನ್ಯಾಗ ಒಂದು ಸ್ಕ್ರಿಪ್ಟ್ ಬರೀತೇನಿ."

"ಪೈಥಾನ ಅಂದ್ರ ಹೆಬ್ಬಾವಲ್ಲೇನ ಯವ್ವಾ? ಫೋಟೋ ನುಂಗಿಗಿಂಗೀತ."

"ನುಂಗೂದಿಲ್ಲಪಾ. ಒಂದೊಂದ ಫೈಲ್ ತಗಿ, ಒಳಗಿನ ಟೈಮ್ ಓದು, ಫೋಟೋ ನಂಬರಿನ ಮುಂದ ಬರಿ ಅಂತ ಹೇಳೂದು, ಅಷ್ಟ. ಹತ್ತಿಪ್ಪತ್ತ ಸಾಲು."

ಗುದ್ಲೆಪ್ಪ ನಕ್ಕ. ಮರುದಿನ ಅವನ ನಗಿ ನಿಂತಿತು.

ಸ್ಕ್ರಿಪ್ಟ್ ನಡಿಸಿದ ವಿದ್ಯಾಶ್ರೀ ಹುಬ್ಬ ಗಂಟು ಹಾಕಿ ಕುಂತಿದ್ಲು. "ಅಪ್ಪಾ, ಏನೋ ತಪ್ಪೈತಿ. ಫೋಟೋ ನಂಬರ್ ಒಂದೊಂದ ಏರಿಕೊಂತ ಹೋಗತೈತಿ, ಟೈಮೂ ಏರಿಕೊಂತ ಹೋಗತೈತಿ, ನಡುವ ಒಮ್ಮಿಂದೊಮ್ಮೆ ಟೈಮ್ ಹಿಂದಕ್ಕ ಬೀಳತೈತಿ. ಹಂಗೆಲ್ಲಿ 'ಹಿಂದಕ್ಕ' ಅಂತ ಬರಿ ಅಂದೆ. ನೋಡಿಲ್ಲೆ, ಲಗ್ನಕ್ಕೊಂದು 'ಹಿಂದಕ್ಕ', ಲಗ್ನಕ್ಕೊಂದು 'ಹಿಂದಕ್ಕ'! ಕಾಲ ಎಲ್ಲೆರೆ ಹಿಂದಕ್ಕ ನಡೀತೈತೇನು? ನನ್ನ ಸ್ಕ್ರಿಪ್ಟಿನ್ಯಾಗ ಏನೋ ಕೆಟ್ಟೈತಿ."

ಕಾರಣ ಏನಂತ ಗುದ್ಲೆಪ್ಪಗ ಗೊತ್ತಾತು. ಆದ್ರ ಬಾಯಿ ಬಿಡಲಿಲ್ಲ. "ಇರಬೇಕು, ಇರಬೇಕು," ಅಂದು ಚಹಾ ತರಾಕ ಹೋದ. ಪಾಪ, ಆ ಹುಡಿಗಿ ಎರಡು ದಿನಾ ತನ್ನ ಸಾಲು ಅಳಿಸಿ ಬರದು, ಬರದು ಅಳಿಸಿ, ಇಲ್ಲದ ತಪ್ಪ ಹುಡಕಿಕೊಂತ ಕುಂತ್ಲು. ಬಾಜೂಕ ಬಳಿ ಅಂಗಡಿ ಚಾಂದಬಿ ಇಣುಕಿ ನೋಡಿ, "ಅಣ್ಣಾರ, ಮಗಳ ಕಣ್ಣು ನೋಡ್ರಿ, ಕೆಂಪಗಾಗ್ಯಾವ. ಯಾರ ಕಳವು ಹುಡಕಾಕತ್ತಾಳ?" ಅಂತ ಚಾಷ್ಟಿ ಮಾಡಿದ್ಲು. ಗುದ್ಲೆಪ್ಪಗ ಆ ಚಾಷ್ಟಿ ನಗಿ ತರಲಿಲ್ಲ.

ಮೂರನೇ ದಿನಾ ಮಂಗಳವಾರ ಸಂತಿ. ಸಂತಿ ಮಂದ್ಯಾಗ ದಾರಿ ಮಾಡಿಕೊಂಡು ಯಲವಿಗಿಯಿಂದ ಒಬ್ಬ ಹೆಣ್ಮಗಳು ಬಂದ್ಲು. ಮೂವತ್ತರ ಆಚೀಚಿ ವಯಸ್ಸು.

"ಅಣ್ಣಾರ, ಗುರ್ತ ಸಿಗತೇನ್ರಿ? ನಾ ಜಯಶ್ರೀ. ಆರು ವರ್ಷದ ಹಿಂದ ಸವಣೂರಾಗ ನನ್ನ ಲಗ್ನದ ಫೋಟೋ ನೀವ ತಗದಿದ್ರಿ."

"ಬಾ ಯವ್ವಾ, ಕುಂದರು. ಅಂಬರೀಶನ ಹೆಂಡ್ತಿ ಅಲ್ಲೇನ? ಲಗ್ನದ ದಿನಾನ ಅವ್ರ ಅವ್ವ ತೀರಿಕೊಂಡಿದ್ಲಲ್ಲ, ಪಾಪ."

"ಅದಕ್ಕ ಬಂದೇನ್ರಿ," ಅಂದು ಅಕಿ ನೆಲಾ ನೋಡಿಕೊಂತ ಹೇಳಾಕತ್ತಿದ್ಲು.

ಅತ್ತಿ ಅಡಿವೆವ್ವ ಆವಾಗ ಹುಬ್ಬಳ್ಳ್ಯಾಗ ದವಾಖಾನಿಯೊಳಗ ಇದ್ಲು. ನಾ ಇರಲಿ, ಹೋಗಲಿ, ಲಗ್ನ ಮಾತ್ರ ನಿಲ್ಲಬಾರದು ಅಂತ ಅಕಿನ ಹಠಾ ಹಿಡದಿದ್ಲು. ಹಿರೇ ಮಗ ಕೊಟ್ರೇಶ ಅವ್ವನ ಹತ್ರ ಉಳದ. ಸಣ್ಣ ಮಗ ಅಂಬರೀಶ ಇಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ. ಹನ್ನೆರಡಕ್ಕ ಹತ್ತು ನಿಮಿಷ ಕಮ್ಮಿ ಇದ್ದಾಗ ಅಡಿವೆವ್ವ ಕಣ್ಣು ತೆರದು, "ಸಣ್ಣಾವನ ದನಿ ಕೇಳಸೋ ಕೊಟ್ರಾ," ಅಂದ್ಲಂತ. ಕೊಟ್ರೇಶ ಫೋನ್ ಮಾಡಿದ. ಒಮ್ಮೆ ಅಲ್ಲ, ಐದು ಸಲ. ಯಾರೂ ಎತ್ತಲಿಲ್ಲ. ಹನ್ನೆರಡೂ ಹತ್ತಕ್ಕ ಅಡಿವೆವ್ವ ಹೋದ್ಲು.

"ಅತ್ತೀದು ದಿನಕರ್ಮಾ ಮುಗದ ಮ್ಯಾಲೆ ಭಾವಾರು ನಿಮ್ಮ ಮುಹೂರ್ತದ ಹಾಳಿ ನೋಡಿದ್ರು," ಅಂದ್ಲು ಜಯಶ್ರೀ. "ಹನ್ನೊಂದೂ ಮೂವತ್ತೈದಕ್ಕ ತಾಳಿ ಬಿದ್ದೈತಿ ಅಂತ ಅದರಾಗ ಐತಿ. ಆವಾಗಿಂದ ಅವ್ರದು ಒಂದ ಮಾತು: ತಾಳಿ ಕಟ್ಟಿ ಹದಿನೈದು ನಿಮಿಷ ಆಗಿತ್ತು, ಕೈ ಖಾಲಿ ಇತ್ತು, ಮಂದಿ ಜೋಡಿ ನಕ್ಕೊಂತ ಫೋಟೋಕ್ಕ ನಿಂತಿದ್ದ, ಸಾಯೂ ಅವ್ವನ ಫೋನ್ ಎತ್ತಲಿಲ್ಲ. ಅದ ಸಿಟ್ಟಿಗೆ ಮನಿ ಬಿಟ್ಟು ಹುಲಗೂರಿಗೆ ಹೋಗಿ ಸೈಕಲ್ ಅಂಗಡಿ ಹಾಕಿದ್ರು. ಆರು ವರ್ಷ ಆತು, ಮಾತಿಲ್ಲ ಕತಿ ಇಲ್ಲ."

"ಅಂಬರೀಶ ಏನಂತಾನ?"

"ಮೊದಲು, ತಾಳಿ ಇನ್ನೂ ಬಿದ್ದಿದ್ದಿಲ್ಲ, ಅಂತರಪಟದ ಹಿಂದ ನಿಂತಿದ್ದೆ, ಫೋನ್ ಯಾರದೋ ಕಿಸೇದಾಗ ಇತ್ತು ಅಂತಿದ್ರು. ನನಗೂ ಹಂಗ ನೆನಪೈತ್ರಿ, ನಿಂತು ನಿಂತು ಕಾಲು ಸೋತಿದ್ವು. ಆದ್ರ ಸ್ವಾಮಿಗಳು, ಬೀಗರು, ಎಲ್ಲಾರೂ ಫೋಟೋ ತೋರಿಸಿ, ಇಲ್ಲ ಮುಹೂರ್ತಕ್ಕ ಸರಿಯಾಗಿ ಬಿದ್ದೈತಿ ಅಂದ್ರು. ಈಗೀಗ ಅವ್ರೂ, ನಾನ ಮರತಿರಬೇಕು, ಫೋನ್ ಬಂದದ್ದು ಕೇಳಿಯೂ ಕೇಳದಂಗ ಮಾಡಿರಬೇಕು ಅನ್ನಾಕತ್ತಾರ. ಊಟಕ್ಕ ಕುಂತಾವ್ರು ಒಮ್ಮಿಂದೊಮ್ಮೆ ಕೈ ತೊಳಕೊಂಡು ಎದ್ದು ಹೋಗತಾರ್ರಿ. ಬರೂ ವಾರ ಭಾವಾರ ಮಗಳು ಮಲ್ಲಿಕಾನ ಲಗ್ನ. ಪತ್ರಿಕ್ಯಾಗ ಕಾಕಾ ಅಂತ ಇವ್ರ ಹೆಸರ ಹಾಕಿಲ್ಲಂತ. ಅವತ್ತಿನ ಎಲ್ಲಾ ಫೋಟೋ ಒಮ್ಮೆ ತೋರಸ್ರಿ ಅಣ್ಣಾರ. ಒಂದಾರ ಇವ್ರ ಮಾತು ಖರೇ ಆಗೂವಂಥಾದ್ದು ಸಿಗಬಹುದು."

ಆ ಲಗ್ನ ಗುದ್ಲೆಪ್ಪಗ ಚೊಲೋ ನೆನಪಿತ್ತು. ಅಂತರಪಟ ಹಿಡದ ಮ್ಯಾಲೆ ಮಂಗಳಾಷ್ಟಕ ಹಾಡಾಕ ಜಯಶ್ರೀನ ಕಡೆಯವ್ರು ಸರದಿ ಹಚ್ಚಿ ನಿಂತಿದ್ರು. ಸೋದರಮಾವ ಹಾಡಿದ, ಅವನ ಹೆಂಡ್ತಿ ಹಾಡಿದ್ಲು, ಒಬ್ಬ ನಿವೃತ್ತ ಮಾಸ್ತರ ಅಂತೂ ಸ್ವಂತ ಬರದದ್ದು ಹನ್ನೆರಡು ನುಡಿ ತಂದಿದ್ದ. ನಡುವ ಮೈಕ್ ಕೆಟ್ಟಿತು, ಅದು ಸರಿ ಆಗೂತನಕಾ ನಿಂತು, ಮಾಸ್ತರ ಮತ್ತ ಮೊದಲನೇ ನುಡಿಯಿಂದ ಸುರು ಮಾಡಿದ! ಅಂತರಪಟ ಹಿಡದಾವ್ರ ಕೈ ನಡುಗಾಕತ್ತಿದ್ವು.

ವಿದ್ಯಾಶ್ರೀ ಆ ಲಗ್ನದ ಫೋಲ್ಡರ್ ತಗದು ಸ್ಕ್ರಿಪ್ಟ್ ನಡಿಸಿದ್ಲು. ಪರದೆ ಮ್ಯಾಲೆ ನಂಬರ್, ಟೈಮು ಸಾಲಾಗಿ ಇಳದ್ವು. ಇನ್ನೂರಾ ಹದಿನೆಂಟನೇ ಫೋಟೋ, ಹನ್ನೆರಡೂ ಹದಿನೈದು. ಇನ್ನೂರಾ ಹತ್ತೊಂಬತ್ತು, ತಾಳಿ ಕಟ್ಟೂದು, ಹನ್ನೊಂದೂ ಮೂವತ್ತೈದು. ಬಾಜೂಕ 'ಹಿಂದಕ್ಕ'.

ಜಯಶ್ರೀನ ಮುಖ ಸಣ್ಣದಾತು. "ಇಲ್ಲೂ ಮೂವತ್ತೈದ ಐತಿ."

"ಹೌದಕ್ಕಾ. ಹನ್ನೆರಡೂ ಹದಿನೈದು ಅಂತ ಇದರ ಹಿಂದಿನ ಫೋಟೋ ತೋರಸತೈತಿ ಖರೆ, ಆದ್ರ ಅದನ್ನ ನಂಬಬ್ಯಾಡ್ರಿ," ಅಂದ್ಲು ವಿದ್ಯಾಶ್ರೀ. "ನನ್ನ ಸ್ಕ್ರಿಪ್ಟಿನ್ಯಾಗ ಏನೋ ತಪ್ಪೈತಿ, ಎರಡು ದಿನದಿಂದ ಹುಡಕಾಕತ್ತೇನಿ."

ಜಯಶ್ರೀ ಚೀಲ ಹೆಗಲಿಗೆ ಹಾಕ್ಕೊಂಡು ಎದ್ಲು. "ಇರಲಿ ಬಿಡವ್ವಾ. ಬರ್ತೇನ್ರಿ ಅಣ್ಣಾರ."

ಅಷ್ಟ ಆಗಿದ್ರ ಮುಗೀತಿತ್ತು. ಅಕಿ ಬಸ್ ಹತ್ತತಿದ್ಲು, ಮಗಳು ತನ್ನ ತಪ್ಪಂತ ಒಪ್ಪಿಕೊಂತಿದ್ಲು, ಮುಹೂರ್ತದ ಗುದ್ಲೆಪ್ಪ ಸಾಯೂತನಕಾ ಮುಹೂರ್ತದ ಗುದ್ಲೆಪ್ಪ ಆಗೇ ಇರತಿದ್ದ. ಅಕಿ ಮೆಟ್ಟಲಾ ಇಳ್ಯಾಕತ್ತಿದ್ಲು. ಒಂದು ಮೆಟ್ಟಲಾ. ಎರಡು ಮೆಟ್ಟಲಾ. ಗುದ್ಲೆಪ್ಪ ಮಗಳ ಕೆಂಪ ಕಣ್ಣು ನೋಡಿದ.

"ವಿದ್ಯಾ," ಅಂದ. "ನಿನ್ನ ಸ್ಕ್ರಿಪ್ಟ್ ಸರಿ ಐತೆವ್ವಾ. ತಪ್ಪಿರೂದು ನನ್ನ ಹೆಬ್ಬಟ್ಟಿನ್ಯಾಗ."

ಜಯಶ್ರೀ ಹೊಳ್ಳಿ ನಿಂತ್ಲು. ಗುದ್ಲೆಪ್ಪ ಎಲ್ಲಾ ಹೇಳಿದ. ಉಳಿವೆಪ್ಪಜ್ಜನ ಸಿಟ್ಟಿನಿಂದ ಹಿಡದು ಕಂಬದ ಮರೀತನಕಾ. ವಿದ್ಯಾಶ್ರೀ ಆ ಫೋಲ್ಡರಿನ ಮೊದಲನೇ ಫೋಟೋ ತಗದು ನೋಡಿದ್ಲು: ಲಗ್ನಪತ್ರಿಕಿ, ಅದರಾಗ ಅಚ್ಚಾದ ಮುಹೂರ್ತ ಹನ್ನೊಂದೂ ಮೂವತ್ತೈದು. ಅಪ್ಪನ ಮುಖ ನೋಡಲಿಲ್ಲ.

"ಹಿಂದಿನ ಫೋಟೋ ತಗದು ಒಂದ ನಿಮಿಷಕ್ಕ ತಾಳಿ ಬಿತ್ತು. ಅಂದ್ರ ಖರೇ ಬಿದ್ದದ್ದು ಹನ್ನೆರಡೂ ಹದಿನಾರಕ್ಕ," ಅಂದ ಗುದ್ಲೆಪ್ಪ. "ನಲವತ್ತೊಂದು ನಿಮಿಷ ನಾ ಹಿಂದಕ್ಕ ಸರಿಸೇನಿ. ನಿನ್ನ ಗಂಡ ಅನ್ನೂದು ಖರೆ. ಆದ್ರ ತಂಗಿ, ಇದನ್ನ ಹೊರಗ ಹೇಳೂ ಮುಂಚೆ ಒಂದು ವಿಚಾರ ಮಾಡು. ನಿಮ್ಮತ್ತಿ ಹೋದದ್ದು ಹನ್ನೆರಡೂ ಹತ್ತಕ್ಕ. ತಾಳಿ ಆಮ್ಯಾಲೆ ಆರು ನಿಮಿಷಕ್ಕ. ಸೂತಕದಾಗ ಬಿದ್ದ ತಾಳಿ ಅಂತ ಮಂದಿ ನಿನಗ ಆಡಿಕೊಂತಾರ. ನನ್ನ ಹೆಸರು ಹೋದ್ರ ಹೋಗಲಿ. ನಿಂದು?"

ಜಯಶ್ರೀ ಸಂತಿ ಕಡೆ ಹೊಳ್ಳಿದ್ಲು. ಯಾರೋ ಮೆಣಸಿನಕಾಯಿ ಚೀಲ ಇಳಸಾಕತ್ತಿದ್ರು, ಘಾಟಿಗೆ ಎಲ್ಲಾರೂ ಕೆಮ್ಮಾಕತ್ತಿದ್ರು. ಅಕಿನೂ ಸೆರಗಿನಿಂದ ಕಣ್ಣೊರಸಿಕೊಂಡ್ಲು.

"ಆಡಿಕೊಳ್ಳಲಿ ಬಿಡ್ರಿ," ಅಂದ್ಲು. "ಆಡಾವ್ರು ನಾಕ ದಿನಾ ಆಡತಾರ. ಇವ್ರು ದಿನಾ ಅನ್ನ ಬಿಟ್ಟು ಏಳತಾರ. ಹೋಗಿ ಹೇಳ್ರಿ ಅಣ್ಣಾರ. ನಾ ಬಂದ್ರ ಭಾವಾರು ಬಾಗಲಾ ಹಾಕ್ಕೊಂತಾರ. ನೀವ ಹೇಳ್ರಿ."

ಮರುದಿನ ಮುಂಜಾನೆ ಅಪ್ಪ ಮಗಳು ಶಿಗ್ಗಾಂವಿ ಮ್ಯಾಲೆ ಹಾಯ್ದು ಹುಲಗೂರಿಗೆ ಹೋದ್ರು. ದಾರ್ಯಾಗ ಮಗಳು ಒಂದ ಮಾತು ಕೇಳಿದ್ಲು: "ಎರಡು ದಿನಾ ನಾ ಒದ್ದಾಡೂದು ನೋಡಿಕೊಂತ ಕುಂತಿದ್ದೆಲ್ಲ ಅಪ್ಪಾ?" ಗುದ್ಲೆಪ್ಪ ಕಿಡಕಿ ಹೊರಗ ನೋಡಿದ. ಬಾಯಿ ತೆರದ್ರ ಊರ ಕತಿ ಉದರಸಾಂವ, ಅವತ್ತ ಟಿಕೆಟ್ ಕೇಳಾಕ ಸೈತ ಬಟ್ಟ ತೋರಿಸಿದ.

ದರ್ಗಾದ ಹಾದ್ಯಾಗ ಕೊಟ್ರೇಶನ ಸೈಕಲ್ ಅಂಗಡಿ. ಅಂವ ನಟ್ಟು ಬಿಗಿಯೂ ಪಾನಾ ಬಾಜೂಕಿಟ್ಟು, ಗಾಲಿಯೊಂದನ್ನ ತಿರುವಿ ಸೊಟ್ಟ ನೋಡಾಕತ್ತಿದ್ದ. ಗುದ್ಲೆಪ್ಪನ್ನ ಕಂಡು ಎದ್ದು ಕೈ ಒರಸಿಕೊಂಡ.

"ಬರ್ರಿ ಗುದ್ಲೆಪ್ಪಣ್ಣಾ, ಕುಂದರ್ರಿ. ನಾನ ಬರಾಂವ ಇದ್ದೆ. ಪತ್ರಿಕಿ ಮೊನ್ನೇನ ಬಂದಾವು." ಡಬ್ಬಿಯೊಳಗಿಂದ ಒಂದು ಪತ್ರಿಕಿ ತಗದು ಮೂಲಿಗೆ ಅರಿಷಿಣ ಹಚ್ಚಿ ಮುಂದ ಹಿಡದ. "ಆರುನೂರು ಹೊಡಸೇನಿ. ಮೊದಲನೇದು ನಿಮಗ. ನನ್ನ ಮಗಳ ಲಗ್ನದಾಗ ಯಾರ ಬರದಿದ್ರೂ ನಡೀತೈತಿ, ನೀವು ಬರಬೇಕು. ಈ ಜಗತ್ತಿನ್ಯಾಗ ನಿಮ್ಮ ಕ್ಯಾಮೆರಾ ಒಂದ ನೋಡ್ರಿ, ಸುಳ್ಳ ಹೇಳೂದಿಲ್ಲ."

ಗುದ್ಲೆಪ್ಪ ಕೈ ಚಾಚಲಿಲ್ಲ. ಪತ್ರಿಕಿ ಅಲ್ಲೇ ಗಾಳ್ಯಾಗ ನಿಂತಿತು.

"ಕೊಟ್ರೇಶಪ್ಪಾ, ನನ್ನ ಮಾತು ಮೊದಲ ಕೇಳು. ಆಮ್ಯಾಲೆ ಪತ್ರಿಕಿ ಕೊಡೂದೋ, ಆ ಪಾನಾ ತಗೊಂಡು ತಲಿಗೆ ಹೊಡಿಯೂದೋ, ನಿನ್ನ ಮರ್ಜಿ."

ಹೇಳಿದ. ಎಲ್ಲಾ ಕೇಳಿದ ಕೊಟ್ರೇಶ ಮೊದಲ ನಕ್ಕ. ಆ ನಗಿ ಚೊಲೋ ಇರಲಿಲ್ಲ.

"ಏನ್ ಕೊಟ್ಲು ನನ್ನ ತಮ್ಮನ ಹೆಂಡ್ತಿ, ಇಷ್ಟ ಬೆಣ್ಣಿ ಹಂಗ ಸುಳ್ಳ ಹೇಳಾಕ? ನಿಮ್ಮ ಮಗಳು ಕಂಪ್ಯೂಟರಿನ್ಯಾಗ ಹ್ಯಾಂಗ ಬೇಕ ಹಂಗ ಬರೀತಾಳಲ್ಲ!"

ಇಪ್ಪತ್ತು ವರ್ಷ ಸುಳ್ಳ ಹೇಳಿ ನಂಬಿಸಿದಾವ, ಖರೇ ಹೇಳಿದ ದಿನಾನ ಸುಳ್ಳಗಾರ ಆದ.

ವಿದ್ಯಾಶ್ರೀ ಬ್ಯಾಗಿನಿಂದ ಲ್ಯಾಪ್‌ಟಾಪ್ ತಗದು ಸೈಕಲ್ ಸೀಟಿನ ಡಬ್ಬಿ ಮ್ಯಾಲೆ ಇಟ್ಲು. "ಕಾಕಾ, ನನ್ನ ಬರಹ ನಂಬಬ್ಯಾಡ್ರಿ. ನೀವು ಫೋನ್ ಹಚ್ಚಿದ್ದು ಎಷ್ಟಕ್ಕ?"

"ಹನ್ನೆರಡಕ್ಕ ಹತ್ತು ಕಮ್ಮಿ. ದವಾಖಾನಿ ಗ್ವಾಡಿ ಗಡಿಯಾರ ಇನ್ನೂ ಕಣ್ಣಾಗ ಐತಿ."

"ತಾಳಿಗಿಂತ ಮೊದಲಿನ ನಂಬರಿನ್ಯಾಗ, ಹನ್ನೊಂದೂ ನಲವತ್ತೆಂಟರಿಂದ ಐವತ್ತೆರಡರ ಒಳಗಿನ ಫೋಟೋ ಮಾತ್ರ ತಗಿ ಅಂತ ಸ್ಕ್ರಿಪ್ಟಿಗೆ ಹೇಳತೇನಿ. ತಗದದ್ದನ್ನ ನಿಮ್ಮ ಕಣ್ಣಿಲೆ ನೋಡ್ರಿ."

ಒಂದ ಫೋಟೋ ಬಂತು. ಅದು ಯಾವ ಆಲ್ಬಮ್ಮಿಗೂ ಹೋಗಿದ್ದಿಲ್ಲ, ಮುಖಾನ ಕಾಣದ ಫೋಟೋ ಯಾರಿಗೆ ಬೇಕು? ಸ್ಟೇಜಿನ ಮ್ಯಾಲೆ ಇಬ್ಬರು ಅಂತರಪಟ ಹಿಡದು ನಿಂತಾರ, ಒಬ್ಬಾಂವ ಆಕಳಸಾಕತ್ತಾನ. ಬಿಳೀ ಬಟ್ಟಿ ಮ್ಯಾಲೆ ಬಾಸಿಂಗದ ತುದಿ ಅಷ್ಟ ಕಾಣತೈತಿ, ಕೆಳಗ ಅಕ್ಕಿ ಮ್ಯಾಲೆ ನಿಂತ ಎರಡು ಪಾದ. ಮಾಸ್ತರ ಮೈಕಿನ ಮುಂದ ಬಾಯಿ ಅಗಲಿಸ್ಯಾನ. ಅವನ ತಲಿ ಮ್ಯಾಲೆ ಮಂಗಲ ಕಾರ್ಯಾಲಯದ ಗ್ವಾಡಿ ಗಡಿಯಾರ. ವಿದ್ಯಾಶ್ರೀ ಅದನ್ನ ದೊಡ್ಡದು ಮಾಡಿದ್ಲು. ಸಣ್ಣ ಮುಳ್ಳು ಹನ್ನೆರಡರ ಹತ್ರ, ದೊಡ್ಡ ಮುಳ್ಳು ಹತ್ತರ ಮ್ಯಾಲೆ.

ಕೊಟ್ರೇಶ ಗಡಿಯಾರ ನೋಡಿದ. ಆಮ್ಯಾಲೆ ಅವನ ಕಣ್ಣು ಕೆಳಗ ಇಳದು, ಆ ಪಾದದ ಮ್ಯಾಲೆ ನಿಂತುಬಿಟ್ಟಿತು. ಬಲಗಾಲಿನ ಹೆಬ್ಬಟ್ಟಿಗೆ ಉಗುರು ಇರಲಿಲ್ಲ.

"ಸೈಕ್ಲಿನ ಚೈನಿಗೆ ಸಿಕ್ಕಿತ್ತು," ಅಂದ, ಯಾರಿಗೋ ಹೇಳಿದಂಗ. "ಆವಾಗ ತಮ್ಮಗ ಐದು ವರ್ಷ. ಯಲವಿಗಿ ಸ್ಟೇಶನ್ನಿಗೆ ರೇಲ್ವೆ ನೋಡಾಕ ನಾನ ಕೂಡಿಸಿಕೊಂಡು ಹೊಂಟಿದ್ದೆ. ರಕ್ತಾ ನೋಡಿ ನಾ ಅಳಾಕತ್ತಿದ್ದೆ, ಇಂವ, 'ಅಣ್ಣಾ, ರೇಲ್ವೆ ಹೋಗಿಬಿಡತೈತಿ, ಲಗೂ ತುಳಿ' ಅಂತಿದ್ದ."

ಗಾಲಿಯನ್ನ ಒಮ್ಮೆ ತಿರುವಿ ಕೈಲೆ ಹಿಡದು ನಿಲ್ಲಿಸಿದ.

"ಆ ಕಡೆ ಅವ್ವ ಕರ್ಯಾಕತ್ತಿದ್ಲು," ಅಂದ ಕೊಟ್ರೇಶ. "ಈ ಕಡೆ ಇವು ಹಿಂಗ ನಿಂತಿದ್ವು." ಆಮ್ಯಾಲೆ ಒಮ್ಮೆಗೆ ಲೆಕ್ಕಾ ಹೊಳದು ತಲಿ ಎತ್ತಿದ. "ಅಂದ್ರ ತಾಳಿ... ಅವ್ವ ಹೋದ ಮ್ಯಾಲೆ?"

"ಆರು ನಿಮಿಷಕ್ಕ ಕಾಕಾ," ಅಂದ್ಲು ವಿದ್ಯಾಶ್ರೀ. "ಜಯಶ್ರೀ ಅಕ್ಕಗ ಗೊತ್ತೈತಿ. ಗೊತ್ತಿದ್ದ, ಹೋಗಿ ಹೇಳ್ರಿ ಅಂತ ಕಳಿಸ್ಯಾರ. ಅವ್ರು ಕೊಟ್ಟದ್ದು ಅಷ್ಟ."

ಕೊಟ್ರೇಶ ಪತ್ರಿಕಿ ಕೈ ಬಿಟ್ಟು ಅಲ್ಲೇ ನೆಲದ ಮ್ಯಾಲೆ ಕುಂತ. "ಲಗ್ನ ನಿಲ್ಲಬಾರದು ಅಂತ ಅವ್ವನ ಹೇಳಿದ್ಲು," ಅಂದ. "ಯಾರಾದ್ರೂ ಸೂತಕ ಅಂತ ಬಾಯಿ ತೆರದ್ರ ನನ್ನ ಹತ್ರ ಕಳಸ್ರಿ." ಆಮ್ಯಾಲೆ ಗುದ್ಲೆಪ್ಪನ್ನ ದಿಟ್ಟಿಸಿ ನೋಡಿದ. ಬೈಲಿಲ್ಲ. ಬೈದಿದ್ರ ಚೊಲೋ ಇತ್ತು.

"ಆರು ವರ್ಷ, ಗುದ್ಲೆಪ್ಪಣ್ಣಾ. ನಿಮಿಷಾ ಸರಿಸಾಕ ನಿಮ್ಮ ಕ್ಯಾಮೆರಾಕ್ಕ ಗುಂಡಿ ಐತಿ. ವರ್ಷ ಸರಿಸೂದಕ್ಕ ಐತೇನು?"

ಕಡೀಗೆ ಕೊಟ್ರೇಶ ಬಿದ್ದಿದ್ದ ಪತ್ರಿಕಿ ಎತ್ತಿ ಧೂಳು ಝಾಡಿಸಿ, ಹೊಳ್ಳಿ ಡಬ್ಬಿಯೊಳಗ ಹಾಕಿದ. "ಹೋಗಿ ಬರ್ರಿ," ಅಂದ ಅಷ್ಟ.

ಸುದ್ದಿ ನಾಕೂ ತಾಲ್ಲೂಕಿಗೆ ಹಬ್ಬಿತು. ಯಾರಿಂದ ಅಂತೀರಿ? ಗುದ್ಲೆಪ್ಪನ ಹೇಳಿದ, ಕೇಳಿದಾವ್ರಿಗೆ, ಕೇಳದಾವ್ರಿಗೆ. ಹಿಡದಿದ್ದ ಲಗ್ನಗಳು ಒಂದೊಂದ ಕೈ ಬಿಟ್ವು. ಕೆಲವ್ರು ಬಂದು, ನಮ್ಮ ತಾಳಿದು ಖರೇ ಟೈಮ್ ತಗದು ಕೊಡು ಅಂದ್ರು, ವಿದ್ಯಾಶ್ರೀ ಕುಂತು ತಗದು ಕೊಟ್ಲು. ಕೆಲವ್ರು, ಬ್ಯಾಡಪಾ, ಇದ್ದದ್ದ ಇರಲಿ, ಮೂರು ಮಕ್ಕಳಾಗ್ಯಾವ ಅಂದ್ರು. ಒಬ್ಬಾಂವ, ನನ್ನ ಲಗ್ನ ರಾಹುಕಾಲದಾಗ ಆಗೇತಿ ಅಂತ ಬರದು ಕೊಡು, ಹೆಂಡ್ತಿಗೆ ತೋರಸತೇನಿ, ಇಷ್ಟ ದಿನದ ಜಗಳಕ್ಕ ಒಂದು ಕಾರಣಾರ ಸಿಗಲಿ ಅಂತ ಕೈ ಮುಗದ. ಅವಂದು ನೋಡಿದ್ರ, ತಾಳಿ ಮುಹೂರ್ತಕ್ಕ ಒಂದು ನಿಮಿಷ ಆಚೀಚಿ ಆಗದ ಸರಿಯಾಗಿ ಬಿದ್ದಿತ್ತು!

ಶನಿವಾರ ಸಂಜಿ ಅಂಗಡಿ ಮುಂದ ಸೈಕಲ್ ಬಂದು ನಿಂತಿತು. ಕೊಟ್ರೇಶ ಇಳೀಲಿಲ್ಲ, ಒಂದು ಕಾಲು ಊರಿ ನಿಂತು ಪತ್ರಿಕಿ ಚಾಚಿದ.

"ನೀವ ಬರಬೇಕು. ಗಡಿಯಾರ ಮುಟ್ಟಬಾರದು," ಅಂದ. ಹೋದ.

ಗುದ್ಲೆಪ್ಪ ಚಾಳೀಸ ಹಾಕ್ಕೊಂಡು ಓದಿದ. ತಮ್ಮ ಆಗಮನಾಭಿಲಾಷಿಗಳು ಅನ್ನೂ ಸಾಲಿನ ಕೆಳಗ, ಅಚ್ಚಿನ ಹೆಸರುಗಳು ಮುಗದ ಜಾಗಾದಾಗ, ನೀಲಿ ಬಾಲ್‌ಪೆನ್ನಿನ್ಯಾಗ ಸೊಟ್ಟ ಅಕ್ಷರದಾಗ ಬರದಿತ್ತು: ಕಾಕಾ ಅಂಬರೀಶ, ಕಾಕು ಜಯಶ್ರೀ. ಪಾನಾ ಹಿಡಿಯೂ ಕೈ ಬರದದ್ದು, ಬಾಜೂಕ ಗ್ರೀಸಿನ ಬಟ್ಟಿನ ಗುರ್ತ. ಲಗ್ನದ ಮನ್ಯಾಗ ಹೋಗಿ ನೋಡಿದ್ರ ಎಲ್ಲಾರ ಕೈಯಾಗಿನ ಪತ್ರಿಕ್ಯಾಗೂ ಅದ ನೀಲಿ, ಅದ ಸೊಟ್ಟ. ಆರುನೂರೂ ಕೊಟ್ರೇಶ ತಾನ ಕುಂತು ಬರದಿದ್ದ.

ಮಲ್ಲಿಕಾನ ತಾಳಿ ಇಪ್ಪತ್ತೆರಡು ನಿಮಿಷ ತಡಾ ಆತು. ಕಂಬದ ಹತ್ರ ಗುದ್ಲೆಪ್ಪನ ಹೆಬ್ಬಟ್ಟು ತಾನ ಗುಂಡಿ ಕಡೆ ಹೋತು. ಹೋದದ್ದನ್ನ ಹೊಳ್ಳಿ ತಂದ. ಸ್ಟೇಜಿನ ಮ್ಯಾಲೆ ಅಂತರಪಟದ ಒಂದು ತುದಿ ಕೊಟ್ರೇಶ ಹಿಡದಿದ್ದ, ಇನ್ನೊಂದು ತುದಿ ಅಂಬರೀಶ. ಅಣ್ಣ ತಮ್ಮ ಮಾತಾಡಾಕತ್ತಿದ್ದಿಲ್ಲ. ಕೈ ಸೋತಾಗ ಇಬ್ಬರೂ ಒಮ್ಮೆಗೆ ಕೈ ಬದಲು ಮಾಡತಿದ್ರು, ಅಷ್ಟ. ಗುದ್ಲೆಪ್ಪ ಒತ್ತಿದ.

ವಿದ್ಯಾಶ್ರೀ ಆ ಫೋಟೋಗಳ ಮ್ಯಾಲೂ ಸ್ಕ್ರಿಪ್ಟ್ ನಡಿಸಿದ್ಲು. ನಂಬರ್ ಏರಿಕೊಂತ ಹೋತು, ಟೈಮೂ ಏರಿಕೊಂತ ಹೋತು. ಎಲ್ಲೂ 'ಹಿಂದಕ್ಕ' ಬರಲಿಲ್ಲ. ಅಕಿ ಅಪ್ಪನ ಕಡೆ ನೋಡಿದ್ಲು, ಚಹಾದ ಕಪ್ಪು ಅವನ ಮುಂದ ಸರಿಸಿದ್ಲು.

ಈಗ ಹುಲಗೂರಿಗೆ ಹೋದ್ರ ಸೈಕಲ್ ಅಂಗಡಿ ಗ್ವಾಡಿಗೆ ಒಂದು ದೊಡ್ಡ ಫೋಟೋ ಕಾಣತೈತಿ. ಅಕ್ಕಿ ಮ್ಯಾಲೆ ನಿಂತ ಎರಡು ಪಾದ, ಮ್ಯಾಲೆ ಬರೇ ಬಿಳೀ ಬಟ್ಟಿ. ಹೊಸಾ ಗಿರಾಕಿ ಬಂದ್ರ ಕೈ ಮುಗದು, "ಯಾವ ಮಠದ ಅಜ್ಜಾರ ಪಾದಾ ಇವು?" ಅಂತ ಕೇಳತಾರ.

"ಅಜ್ಜಾರದಲ್ಲ," ಅಂತಾನ ಕೊಟ್ರೇಶ, ಗಾಲಿ ತಿರುವಿಕೊಂತ. "ನಮ್ಮ ತಮ್ಮಂದು."